ವೆಬ್‌ಸೈಟ್ ನಿರ್ವಹಣೆ: ಒಂದು ಕಸುಬು ಬೆಳೆದ ಬಗೆ

ಸಣ್ಣ ವ್ಯಾಪಾರಗಳ ವೆಬ್‌ಸೈಟ್‌ಗಳನ್ನು ನೋಡಿಕೊಳ್ಳುವ ಕಸುಬು ಅವನ್ನು ಕಟ್ಟುವ ಕಸುಬಿನ ಬೆನ್ನಿಗೇ ಹುಟ್ಟಿತು. 1993ರ ಏಪ್ರಿಲ್ 30ರಂದು ಜಿನೀವಾ ಬಳಿಯ ಸರ್ನ್ ಸಂಸ್ಥೆ ವೆಬ್ ತಂತ್ರಾಂಶವನ್ನು ಎಲ್ಲರ ಬಳಕೆಗೆ ಮುಕ್ತವಾಗಿ ಬಿಟ್ಟುಕೊಟ್ಟಿತು. ಕೆಲವೇ ವರ್ಷಗಳಲ್ಲಿ ಅಂಗಡಿ, ಹೋಟೆಲುಗಳೂ ತಮ್ಮದೊಂದು ತಾಣ ತೆರೆಯತೊಡಗಿದವು. ತಾಣದ ಹೊಣೆ ಹೊತ್ತವನಿಗೆ ‘ವೆಬ್‌ಮಾಸ್ಟರ್’ ಎಂಬ ಹೆಸರು ಬಂತು. ತಾಣದ ವಿಚಾರಗಳನ್ನು ತಿಳಿಸುವ ಇಮೇಲ್ ವಿಳಾಸಕ್ಕೂ 1997ರ ಆರ್‌ಎಫ್‌ಸಿ 2142 ಎಂಬ ದಾಖಲೆ ಇದೇ ಹೆಸರನ್ನು ಗೊತ್ತುಮಾಡಿತು.

ಆಗಿನ ಪುಟಗಳು ಒಂದೊಂದೂ ಬಿಡಿ ಕಡತ. ಅಂಗಡಿಯ ಫೋನ್ ನಂಬರ್ ಬದಲಾದರೆ, ಅದು ಇಪ್ಪತ್ತು ಪುಟಗಳ ಅಡಿಯಲ್ಲಿದ್ದರೆ ಇಪ್ಪತ್ತು ಕಡತಗಳನ್ನೂ ತೆರೆದು ತಿದ್ದಿ, ಎಫ್‌ಟಿಪಿ ಮೂಲಕ ಸರ್ವರ್‌ಗೆ ಮತ್ತೆ ಏರಿಸಬೇಕಿತ್ತು. ಒಂದು ಪುಟ ಮರೆತರೆ ಹಳೆಯ ನಂಬರ್ ಅಲ್ಲೇ ಉಳಿಯುತ್ತಿತ್ತು. ಡೊಮೈನ್ ಹೆಸರಿಗೂ 1995ರಿಂದ ಶುಲ್ಕ ಬಿತ್ತು: ಎರಡು ವರ್ಷಕ್ಕೆ 100 ಡಾಲರ್. ನವೀಕರಣದ ಗಡುವು ತಪ್ಪಿದರೆ ತಾಣವೂ ಇಲ್ಲ, ಆ ಹೆಸರಿನ ಇಮೇಲೂ ಇಲ್ಲ. ದಿನಾಂಕ ನೆನಪಿಟ್ಟು ನವೀಕರಿಸುವುದೇ ನಿರ್ವಾಹಕನ ಮುಖ್ಯ ಕೆಲಸಗಳಲ್ಲಿ ಒಂದಾಯಿತು.

ಭಾರತದಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಅಂತರ್ಜಾಲ ಸೇವೆ ಆರಂಭಿಸಿತು. ಕಂಪ್ಯೂಟರ್, ಯುಪಿಎಸ್‌ಗಳ ನಿರ್ವಹಣೆಗೆ ವರ್ಷಕ್ಕಿಷ್ಟೆಂದು ಹಣ ಕಟ್ಟುವ ‘ಎಎಂಸಿ’ ಇಲ್ಲಿನ ವ್ಯಾಪಾರಿಗಳಿಗೆ ಪರಿಚಿತವಾಗಿತ್ತು. ವೆಬ್‌ಸೈಟ್‌ನ ವಾರ್ಷಿಕ ಕರಾರಿಗೂ ಆ ಪದವೇ ಅಂಟಿಕೊಂಡಿತು.

ಕನ್ನಡದ ತಾಣಗಳಿಗೆ ಇನ್ನೊಂದು ತೊಡಕಿತ್ತು. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಸಿದ್ಧವಾದ ಪುಟ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಅವನ್ನು ಯೂನಿಕೋಡ್‌ಗೆ ತರುವುದು ಬರಿಯ ಅಕ್ಷರ ಬದಲಾವಣೆಯಲ್ಲ. ‘ಕಾರ್ಯ’ ಎಂಬಲ್ಲಿ ಅರ್ಕಾವತ್ತು ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವಂತೆ ಯಕಾರದ ನಂತರ ಇರುತ್ತಿತ್ತು. ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು ಬರುತ್ತದೆ. ಹಾಗಾಗಿ ಪರಿವರ್ತನೆಯಾದ ಮೇಲೂ ಪುಟಗಳನ್ನು ಓದಿ ನೋಡಬೇಕಿತ್ತು.

2003ರ ಮೇ 27ರಂದು ತಾಣ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಬಂತು. ಪುಟಗಳ ಸಾಮಗ್ರಿ ಡೇಟಾಬೇಸ್‌ ಸೇರಿತು. ಬೆಲೆಪಟ್ಟಿಯನ್ನು ಮಾಲೀಕನೇ ತಿದ್ದಬಹುದಾಯಿತು. ಹೀಗೆ ಒಂದು ಕೆಲಸ ಕಡಿಮೆಯಾದರೆ, ಮತ್ತೊಂದು ಹೆಗಲೇರಿತು. ಮೂಲ ತಂತ್ರಾಂಶ ಒಬ್ಬರದು, ತಾಣಕ್ಕೆ ರೂಪ ಕೊಡುವ ಥೀಮ್ ಇನ್ನೊಬ್ಬರದು, ಸೌಲಭ್ಯ ಸೇರಿಸುವ ಪ್ಲಗಿನ್‌ಗಳು ಹಲವರವು. ಎಲ್ಲವನ್ನೂ ಹೊಂದಿಸಿ ಕಾಲಕಾಲಕ್ಕೆ ಅಪ್‌ಡೇಟ್ ಮಾಡಬೇಕಾಯಿತು.

2011ರ ಟಿಮ್‌ಥಂಬ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಚಿತ್ರಗಳ ಅಳತೆ ಬದಲಿಸುವ ಈ ಪುಟ್ಟ ಕಡತ ಹಲವಾರು ಥೀಮ್‌ಗಳೊಳಗೆ ಅಡಗಿತ್ತು. ಕೆಲವು ನಂಬಿಕಸ್ಥ ತಾಣಗಳಿಂದ ಮಾತ್ರ ಚಿತ್ರ ತರಿಸಿಕೊಳ್ಳುವುದು ಅದರ ನಿಯಮ. ಆದರೆ ವಿಳಾಸದೊಳಗೆ ಎಲ್ಲಾದರೂ ಆ ತಾಣದ ಹೆಸರಿದ್ದರೆ ಸಾಕು, ಅದು ಒಪ್ಪಿಬಿಡುತ್ತಿತ್ತು. ಆ ಹೆಸರನ್ನು ತಮ್ಮ ಡೊಮೈನ್‌ನ ಮುಂದೆ ಅಂಟಿಸಿ ದಾಳಿಕೋರರು ಚಿತ್ರದ ಬದಲು ಪ್ರೋಗ್ರಾಮನ್ನೇ ಸರ್ವರ್‌ನೊಳಗೆ ಇಳಿಸಿದರು. ವರ್ಡ್‌ಪ್ರೆಸ್ ಅಪ್‌ಡೇಟ್ ಮಾಡಿದವರಿಗೂ ಇದರಿಂದ ರಕ್ಷಣೆ ಇರಲಿಲ್ಲ; ಕಡತ ಇದ್ದದ್ದು ಥೀಮ್‌ನಲ್ಲಿ. 2013ರ ಅಕ್ಟೋಬರ್‌ನಲ್ಲಿ ಬಂದ ವರ್ಡ್‌ಪ್ರೆಸ್‌ನ 3.7ನೇ ಆವೃತ್ತಿ ಸಣ್ಣಪುಟ್ಟ ಭದ್ರತಾ ಅಪ್‌ಡೇಟ್‌ಗಳನ್ನು ತಾನೇ ಹಾಕಿಕೊಳ್ಳತೊಡಗಿತು. ನಿಯತ ಬ್ಯಾಕಪ್ ಮತ್ತು ಅದನ್ನು ಮರಳಿ ಕೂರಿಸುವ ಕೆಲಸ ಮಾತ್ರ ನಿರ್ವಾಹಕನ ಬಳಿಯೇ ಉಳಿಯಿತು.

ನಂತರದ ಬದಲಾವಣೆಗಳು ಹೊರಗಿನಿಂದ ಬಂದವು. 2015ರ ಏಪ್ರಿಲ್ 21ರಿಂದ ಗೂಗಲ್ ಮೊಬೈಲ್ ಹುಡುಕಾಟದಲ್ಲಿ ಫೋನಿಗೆ ಹೊಂದುವ ಪುಟಗಳಿಗೆ ಆದ್ಯತೆ ಕೊಟ್ಟಿತು. 2018ರ ಜುಲೈನಲ್ಲಿ ಕ್ರೋಮ್, ಎಚ್‌ಟಿಟಿಪಿಎಸ್ ಇಲ್ಲದ ತಾಣಗಳೆಲ್ಲ ಸುರಕ್ಷಿತವಲ್ಲ ಎಂದು ತೋರಿಸಲಾರಂಭಿಸಿತು. ಎಚ್‌ಟಿಟಿಪಿಎಸ್‌ಗೆ ಪ್ರಮಾಣಪತ್ರ ಬೇಕು; ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಪುಕ್ಕಟೆ ಕೊಡುತ್ತಿದ್ದ ಪ್ರಮಾಣಪತ್ರದ ಆಯುಸ್ಸು 90 ದಿನ. 2020ರ ಕೊನೆಗೆ ಅಡೋಬಿ, ತಾಣಗಳಲ್ಲಿ ಅನಿಮೇಶನ್‌ಗೆ ಬಳಕೆಯಲ್ಲಿದ್ದ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. ಅಂಗಡಿಯಲ್ಲಿ ಏನೂ ಬದಲಾಗದಿದ್ದರೂ ತಾಣ ಹಳತಾಗುತ್ತಿತ್ತು; ಎಎಂಸಿ ಹಣದ ದೊಡ್ಡ ಪಾಲು ಈ ಕಾಣದ ಕೆಲಸಕ್ಕೇ ಹೋಯಿತು.

ವಿಕ್ಸ್, ಸ್ಕ್ವೇರ್‌ಸ್ಪೇಸ್‌ನಂಥ ಸೇವೆಗಳು ತಿಂಗಳ ಅಥವಾ ವರ್ಷದ ಬಾಡಿಗೆಗೆ ಈ ಹೊರೆಯನ್ನು ಹೊತ್ತವು. ಆದರೆ ಬೇರೆಯವರ ಜಾಗದಲ್ಲಿ ಆ ಜಾಗದ ಒಡೆಯನ ಮಾತೇ ಕೊನೆ. ವ್ಯಾಪಾರಿ ಪ್ರೊಫೈಲ್‌ಗಳ ಜೊತೆ ಪುಕ್ಕಟೆ ಕೊಟ್ಟಿದ್ದ ವೆಬ್‌ಸೈಟ್‌ಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಅವನ್ನೇ ನೆಚ್ಚಿದ್ದ ಅಂಗಡಿಗಳು ಹೊಸ ತಾಣ ಕಟ್ಟಿಸಬೇಕಾಯಿತು.