ಸಣ್ಣ ಮೋಟಾರ್‌ಗೆ ಯಾವ ಕೋಡ್? ಬಿಲ್ ಬರೆಯೋ ಮುಂಚೆ, ಮಾಲು ತರಿಸೋ ಮುಂಚೆ ಇಷ್ಟು ತಿಳ್ಕೊಳ್ಳಿ

ನಂಜನಗೂಡು/ಟಿ.ನರಸೀಪುರ: ಗದ್ದೆ ಬಯಲಿನ ಬೋರ್‌ವೆಲ್, ಟೈಲರ್ ಅಂಗಡಿಯ ಹೊಲಿಗೆ ಮೆಷಿನ್, ಅಡುಗೆಮನೆಯ ಮಿಕ್ಸಿ, ಜಾತ್ರೆಯಲ್ಲಿ ಮಾರೋ ಆಟಿಕೆ ಕಾರು. ಎಲ್ಲದರೊಳಗೂ ತಿರುಗೋದು ಮೋಟಾರೇ. ಆದರೆ ಬಿಲ್‌ನಲ್ಲಿ ಎಲ್ಲಕ್ಕೂ ಒಂದೇ ಎಚ್‌ಎಸ್‌ಎನ್ ಕೋಡ್ ಹಾಕಿದರೆ ತಪ್ಪಾಗುತ್ತೆ. ಊರೊಳಗೆ ಮಾರುವಾಗ ಈ ತಪ್ಪು ತಕ್ಷಣ ಗೊತ್ತಾಗಲ್ಲ. ಚೀನಾದಿಂದ ನೇರವಾಗಿ ಮಾಲು ತರಿಸಿದಾಗ ಬಂದರಿನಲ್ಲೋ, ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋದಲ್ಲೋ ಪೆಟ್ಟಿಗೆ ನಿಂತುಬಿಟ್ಟರೆ ಆಗ ಗೊತ್ತಾಗುತ್ತೆ. ನಿಂತ ದಿನಗಳ ಬಾಡಿಗೆ ತರಿಸಿದವರ ತಲೆಗೇ.

ಈ ಕೋಡ್ ವ್ಯವಸ್ಥೆ ವಿಶ್ವ ಕಸ್ಟಮ್ಸ್ ಸಂಘಟನೆಯದ್ದು. 1988ರಿಂದ ಜಾರಿಯಲ್ಲಿದೆ. ಮೊದಲ ಆರು ಅಂಕಿ ಪ್ರಪಂಚಕ್ಕೆಲ್ಲ ಒಂದೇ, ಕೊನೆಯ ಎರಡನ್ನು ನಮ್ಮ ದೇಶ ಸೇರಿಸಿಕೊಂಡಿದೆ. ಹೀಗೆ ಎಂಟಂಕಿ. ಎಲೆಕ್ಟ್ರಿಕ್ ಮೋಟಾರ್‌ಗಳ ಮನೆ 8501.

ಆ ಮನೆಯೊಳಗೆ ಯಾವ ಕೋಣೆ ಅನ್ನೋದನ್ನ ತೀರ್ಮಾನಿಸೋದು ಮುಖ್ಯವಾಗಿ ವ್ಯಾಟ್. ಔಟ್‌ಪುಟ್ 37.5 ವ್ಯಾಟ್ ಒಳಗಿದ್ದರೆ ಎಸಿ ಆಗಲಿ ಡಿಸಿ ಆಗಲಿ 850110. ಆಟಿಕೆ ಮೋಟಾರ್, ಸ್ಟೆಪ್ಪರ್ ಮೋಟಾರ್ ಎಲ್ಲ ಇಲ್ಲಿಗೆ ಬರ್ತವೆ. ಅದಕ್ಕಿಂತ ದೊಡ್ಡದಾಗಿದ್ದು ಎಸಿ-ಡಿಸಿ ಎರಡರಲ್ಲೂ ಓಡುವ ಯೂನಿವರ್ಸಲ್ ಮೋಟಾರ್ ಆದರೆ 850120. 750 ವ್ಯಾಟ್‌ವರೆಗಿನ ಡಿಸಿ ಮೋಟಾರ್ 850131. ಸಿಂಗಲ್ ಫೇಸ್ ಎಸಿ ಮೋಟಾರ್ 850140. ತ್ರೀ ಫೇಸ್ ಆದರೆ 750 ವ್ಯಾಟ್‌ವರೆಗೆ 850151, ಅಲ್ಲಿಂದ 75 ಕಿಲೋವ್ಯಾಟ್‌ವರೆಗೆ 850152, ಅದನ್ನೂ ದಾಟಿದರೆ 850153.

ನಮ್ಮ ಕಡೆ ಎಲ್ಲರೂ ಮಾತಾಡೋದು ಎಚ್‌ಪಿ ಲೆಕ್ಕದಲ್ಲಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಅಂದರೆ ಒಂದು ಎಚ್‌ಪಿ ತ್ರೀ ಫೇಸ್ ಮೋಟಾರ್ 750ರ ಗೆರೆಯ ಒಳಗೇ ನಿಲ್ಲುತ್ತೆ. ಪ್ಲೇಟ್ ಮೇಲೆ 0.75 ಕಿಲೋವ್ಯಾಟ್ ಅಂತ ಇದ್ದರೂ ಸರಿ, ಯಾಕಂದರೆ ನಿಯಮದಲ್ಲಿರೋದು '750 ಮೀರದ' ಅಂತ. ಒಂದೂವರೆ ಎಚ್‌ಪಿ ಆದ ಕೂಡಲೇ ಪಕ್ಕದ ಕೋಣೆ. ಇಲ್ಲಿ ಹೆಚ್ಚು ಜನ ಎಡವೋದು ಬೇರೆ ವಿಷಯಕ್ಕೆ: ಲೆಕ್ಕಕ್ಕೆ ಬರೋದು ಮೋಟಾರ್ ಕೊಡುವ ಶಕ್ತಿ, ಎಳೆದುಕೊಳ್ಳುವ ಕರೆಂಟಲ್ಲ. ಆನ್‌ಲೈನ್ ಕ್ಯಾಟಲಾಗ್‌ನಲ್ಲಿ '60 ವ್ಯಾಟ್' ಅಂತ ಬರೆದಿರೋದು ಇನ್‌ಪುಟ್ ಆಗಿದ್ದರೆ, ಔಟ್‌ಪುಟ್ 37.5ಕ್ಕಿಂತ ಕೆಳಗೇ ಇರಬಹುದು. ಆರ್ಡರ್ ಮಾಡೋ ಮುಂಚೆ ಸಪ್ಲೈಯರ್ ಹತ್ತಿರ ಡೇಟಾ ಶೀಟ್ ಮತ್ತು ನೇಮ್‌ಪ್ಲೇಟ್ ಫೋಟೋ ತರಿಸಿಕೊಂಡು ಇಟ್ಟುಕೊಳ್ಳಬೇಕು. ಅಧಿಕಾರಿ ಕೇಳಿದಾಗ ವಾಟ್ಸಾಪ್ ಮಾತುಕತೆ ತೋರಿಸಿದರೆ ನಡೆಯಲ್ಲ.

ಎರಡನೇ ಪ್ರಶ್ನೆ, ಅದು ಬರೀ ಮೋಟಾರಾ ಅಥವಾ ಮೋಟಾರ್ ಇರುವ ಯಂತ್ರವಾ? ಪಂಪಿಗೇ ಸೇರಿಕೊಂಡಿರುವ ಮೋನೋಬ್ಲಾಕ್ 8413, ಅದು ಪಂಪು. ಸಬ್‌ಮರ್ಸಿಬಲ್ ಮೋಟಾರ್ ಸುಟ್ಟುಹೋಗಿ ರೈತರು ಬರೀ ಮೋಟಾರ್ ಕೊಂಡರೆ ಅದು 8501. ಸೀಲಿಂಗ್ ಫ್ಯಾನ್ 8414, ಮಿಕ್ಸಿ 8509, ಹೊಲಿಗೆ ಮೆಷಿನ್ 8452. ಆದರೆ ಹೊಲಿಗೆ ಮೆಷಿನ್‌ಗೆ ಹಾಕುವ ಬಿಡಿ ಮೋಟಾರ್ ಮತ್ತೆ 8501ಕ್ಕೇ. 'ಇದು ಹೊಲಿಗೆ ಮೆಷಿನ್ ಪಾರ್ಟ್ ತಾನೆ' ಅನ್ನೋ ವಾದ ನಿಲ್ಲಲ್ಲ. 84 ಮತ್ತು 85ನೇ ಅಧ್ಯಾಯದಲ್ಲಿ ತನ್ನದೇ ಹೆಸರಿನ ಜಾಗ ಇರುವ ವಸ್ತು ಯಾವ ಯಂತ್ರಕ್ಕೆ ಹೋದರೂ ತನ್ನ ಜಾಗದಲ್ಲೇ ಇರಬೇಕು ಅಂತ ಟಿಪ್ಪಣಿಯೇ ಇದೆ. ಗೇರ್‌ಬಾಕ್ಸ್ ಅಥವಾ ಪುಲ್ಲಿ ಜೊತೆಗೇ ಬಂದ ಮೋಟಾರ್ ಕೂಡ ಮೋಟಾರೇ.

ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೆ ಇದು ಇನ್ನೂ ತಲೆನೋವು. ಬೈಕು, ಕಾರಿನ ಸ್ಟಾರ್ಟರ್ ಮೋಟಾರ್ 8511, ಅದಕ್ಕೆ ಬೇರೆಯೇ ಹೆಸರು ಬರೆದಿದ್ದಾರೆ. ಪೂರ್ತಿ ವೈಪರ್ ಸೆಟ್ 8512. ಬರೀ ವೈಪರ್ ಮೋಟಾರ್ 8501. ಎಲೆಕ್ಟ್ರಿಕ್ ಸ್ಕೂಟರ್‌ನ ಬಿಡಿ ಮೋಟಾರ್ ಕೂಡ 8501, ವಾಹನದ ಬಿಡಿಭಾಗ ಅಂತ 8714ಕ್ಕೆ ಹಾಕೋ ಹಾಗಿಲ್ಲ.

ವೈಂಡಿಂಗ್ ಅಂಗಡಿಗಳ ಸಂಗತಿಗೆ ಬಂದರೆ, ಸ್ಟೇಟರ್, ರೋಟರ್ 8503. ಎನಾಮಲ್ ತಾಮ್ರದ ವೈರ್ 8544. ಬೇರಿಂಗ್ 8482. ಕೆಪಾಸಿಟರ್ 8532. ಸುಟ್ಟ ಮೋಟಾರ್‌ಗೆ ರೀವೈಂಡಿಂಗ್ ಮಾಡಿಕೊಟ್ಟರೆ ಅದು ಮಾಲಲ್ಲ, ರಿಪೇರಿ ಸೇವೆ, ಕೋಡ್ 9987.

ಇಷ್ಟೆಲ್ಲ ಯಾಕೆ ಅಂದರೆ ದರ. ನೀರೆತ್ತುವ ಪವರ್ ಪಂಪಿಗೆ 2022ರ ಜುಲೈ 17ರವರೆಗೆ ಜಿಎಸ್‌ಟಿ ಶೇ 12 ಇತ್ತು, ಮೋಟಾರ್‌ಗೆ ಶೇ 18. ಆಗ ಒಂದು ಕೋಡ್ ಅತ್ತಿತ್ತ ಆದರೆ ಶೇ 6 ವ್ಯತ್ಯಾಸ. ಆಮೇಲೆ ಪಂಪನ್ನೂ ಶೇ 18ಕ್ಕೆ ಏರಿಸಿದ್ದರಿಂದ ಬಿಲ್‌ನಲ್ಲಿ ಆ ಜಗಳ ತಣ್ಣಗಾಯಿತು. ಏರಿದ್ದಕ್ಕೆ ದುಡ್ಡು ಕೊಟ್ಟವರು ರೈತರು ಅನ್ನೋದು ಬೇರೆ ಮಾತು. ವಾರ್ಷಿಕ ವಹಿವಾಟು 5 ಕೋಟಿವರೆಗಿನ ಅಂಗಡಿಯವರು ಇನ್ನೊಬ್ಬ ವ್ಯಾಪಾರಿಗೆ ಬಿಲ್ ಕೊಡುವಾಗ ನಾಲ್ಕಂಕಿ ಹಾಕಿದರೆ ಸಾಕು, ಅದನ್ನು ದಾಟಿದವರು ಆರಂಕಿ ಹಾಕಬೇಕು. 2021ರ ಏಪ್ರಿಲ್‌ನಿಂದ ಈ ನಿಯಮ ಇದೆ.

ಆಮದಿನಲ್ಲಿ ಮಾತ್ರ ಎಂಟಂಕಿಯೂ ಬೇಕು. ಮೂಲ ಕಸ್ಟಮ್ಸ್ ಸುಂಕ ಕೋಡ್‌ನಿಂದ ಕೋಡ್‌ಗೆ ಬದಲಾಗುತ್ತೆ, ಬಜೆಟ್‌ನಲ್ಲೂ ಬದಲಾಗುತ್ತೆ. ಹಾಗಾಗಿ ಹೋದ ವರ್ಷದ ಬಿಲ್ ನೋಡಿ ಲೆಕ್ಕ ಹಾಕಬಾರದು. ಲೆಕ್ಕದ ರೀತಿ ಹೀಗಿದೆ. ಮಾಲಿನ ಬೆಲೆ, ಸಾಗಣೆ, ವಿಮೆ ಎಲ್ಲ ಸೇರಿ 1 ಲಕ್ಷ, ಸುಂಕ ಶೇ 10 ಅಂತ ಇಟ್ಟುಕೊಳ್ಳಿ. ಸುಂಕ 10,000. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್ 1,000. ಒಟ್ಟು 1,11,000ದ ಮೇಲೆ ಶೇ 18 ಐಜಿಎಸ್‌ಟಿ 19,980. ಕಟ್ಟಬೇಕಾದ್ದು 30,980. ಇದರಲ್ಲಿ ಐಜಿಎಸ್‌ಟಿಯನ್ನು ರೆಗ್ಯುಲರ್ ಜಿಎಸ್‌ಟಿ ಇರುವವರು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯಬಹುದು. 11,000 ವಾಪಸ್ ಬರಲ್ಲ, ಅದು ಮಾಲಿನ ಅಸಲಿಗೇ ಸೇರುತ್ತೆ. ಕಾಂಪೊಸಿಷನ್ ಸ್ಕೀಮಿನಲ್ಲಿರುವವರಿಗೆ ಪೂರ್ತಿ 30,980 ಹೋದ ಹಾಗೇ.

ಕೋಡ್ ಬರೆಯುವ ಹೊಣೆ ಏಜೆಂಟರದ್ದಲ್ಲ, ತರಿಸಿದವರದ್ದು. ಕಾಯ್ದೆಯಲ್ಲಿ ಇದನ್ನ ಸ್ವಯಂ ಮೌಲ್ಯಮಾಪನ ಅಂತಾರೆ. ಕಡಿಮೆ ಸುಂಕ ಕಟ್ಟಿದ್ದು ಗೊತ್ತಾದರೆ ಕಸ್ಟಮ್ಸ್ ಎರಡು ವರ್ಷದ ಒಳಗೆ ಬಾಕಿ ಕೇಳಬಹುದು. ಬೇಕಂತ ಮುಚ್ಚಿಟ್ಟಿದ್ದು ಅಂತಾದರೆ ಐದು ವರ್ಷ. ಮೇಲೆ ವರ್ಷಕ್ಕೆ ಶೇ 15 ಬಡ್ಡಿ. ಮಾರಾಟದ ಮಾಲನ್ನು 'ಸ್ವಂತ ಬಳಕೆ' ಅಂತ ಕೊರಿಯರ್‌ನಲ್ಲಿ ತರಿಸೋದೂ ಇದೇ ಗುಂಡಿಗೆ ಬೀಳೋ ದಾರಿ. ವ್ಯಾಪಾರಕ್ಕೆ ತರಿಸಬೇಕಾದರೆ ಐಇಸಿ ಬೇಕು. ಡಿಜಿಎಫ್‌ಟಿ ವೆಬ್‌ಸೈಟಿನಲ್ಲಿ 500 ರೂಪಾಯಿಗೆ ಸಿಗುತ್ತೆ, ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅಪ್‌ಡೇಟ್ ಮಾಡದಿದ್ದರೆ ಅದು ನಿಷ್ಕ್ರಿಯ ಆಗುತ್ತೆ.

ಹೊರದೇಶಕ್ಕೆ ಕಳಿಸೋರಿಗೂ ಎಂಟಂಕಿ ತಪ್ಪಿದ್ದಲ್ಲ. 2021ರಿಂದ ಇರುವ ರೋಡ್‌ಟೆಪ್ ಯೋಜನೆಯಲ್ಲಿ ಎಷ್ಟು ಹಣ ವಾಪಸ್ ಅನ್ನೋದು ಆ ಕೋಡ್ ನೋಡಿಯೇ ನಿಗದಿಯಾಗುತ್ತೆ.

ಕೋಡ್ ಬಗ್ಗೆ ನಿಜವಾಗಿಯೂ ಗೊಂದಲ ಇದ್ದು, ಮಾಲು ದೊಡ್ಡ ಮೊತ್ತದ್ದಾದರೆ ಮುಂಚೆಯೇ ಕೇಳುವ ದಾರಿ ಇದೆ. ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರ ದೆಹಲಿ ಮತ್ತು ಮುಂಬೈಯಲ್ಲಿದೆ, ಜಿಎಸ್‌ಟಿ ಪ್ರಶ್ನೆಗಾದರೆ ಬೆಂಗಳೂರಿನಲ್ಲಿದೆ. ಹತ್ತು ಮೋಟಾರ್ ತರಿಸೋ ಅಂಗಡಿಗೆ ಅಷ್ಟು ದೂರದ ಓಡಾಟ ಗಿಟ್ಟಲ್ಲ. ಅಂಥವರು ನೇಮ್‌ಪ್ಲೇಟ್ ಫೋಟೋ ಹಿಡಿದುಕೊಂಡು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಲೈಸೆನ್ಸ್ ಇರುವ ಕಸ್ಟಮ್ಸ್ ಬ್ರೋಕರ್ ಹತ್ತಿರ ಆರ್ಡರ್‌ಗೆ ಮುಂಚೆ ಹೋಗಬೇಕು. ಹಣ ಕಳಿಸಿದ ಮೇಲೆ ಹೋದರೆ ಅವರಿಗೂ ಮಾಡೋಕೆ ಹೆಚ್ಚೇನೂ ಉಳಿದಿರಲ್ಲ.