ಬ್ಯಾಟರಿಯಿಂದ ನೀರೆತ್ತುವುದು: ಹಾವೇರಿ ಸೀಮೆಯ ಒಂದು ಹಳೆಯ ತೊಡಕು

ಹುಬ್ಬಳ್ಳಿ–ಹರಿಹರ ರೈಲುದಾರಿಯ ಮೇಲಿರುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಮನೆ ಕಟ್ಟಿಸುವವರು ಅಡಿಪಾಯದ ಜೊತೆಗೇ ಸಂಪು ತೋಡಿಸುತ್ತಾರೆ. ನಲ್ಲಿ ನೀರು ಗೊತ್ತಾದ ಹೊತ್ತಿಗಷ್ಟೇ ಬರುತ್ತದೆ. ಅದನ್ನು ಸಂಪಿನಲ್ಲಿ ಹಿಡಿದು, ಅರ್ಧ ಅಶ್ವಶಕ್ತಿಯ ಪಂಪಿನಿಂದ ಮಾಳಿಗೆಯ ಟಾಕಿಗೆ ಏರಿಸಬೇಕು. ಕರೆಂಟು ಹೋದಾಗ ನಾಲ್ಕು ದೀಪ, ಎರಡು ಫ್ಯಾನುಗಳನ್ನು ಗಂಟೆಗಟ್ಟಲೆ ನಡೆಸುವ ಇನ್ವರ್ಟರು, ಈ ಪಂಪಿನ ಗುಂಡಿ ಒತ್ತಿದೊಡನೆ ನಿಂತುಬಿಡುತ್ತದೆ. ಬ್ಯಾಟರಿ ತುಂಬಿದ್ದರೂ ಹೀಗೇಕೆ? ಇದಕ್ಕೆ ಉತ್ತರ ಹುಡುಕಲು ನೂರು ವರ್ಷಗಳಿಗೂ ಹಿಂದೆ ಹೋಗಬೇಕಾಗುತ್ತದೆ.

ನೀರೆತ್ತುವ ಶಕ್ತಿಯನ್ನು ಎಲ್ಲಿ ಕೂಡಿಡಬೇಕು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಹಾವೇರಿಯ ಹೆಗ್ಗೇರಿ, ಮಾಸೂರಿನ ಮದಗದ ಕೆರೆ ಇವೆಲ್ಲ ಮಳೆಯ ನೀರನ್ನು ಹೊಲಕ್ಕಿಂತ ಎತ್ತರದಲ್ಲಿ ತಡೆದು ನಿಲ್ಲಿಸಿದವು. ಉಳಿದ ಕೆಲಸ ಗುರುತ್ವದ್ದು. ಬಾವಿಯಿದ್ದಲ್ಲಿ ಕಪಿಲೆ ಬಂದಿತು. ಒಂದು ಜೋಡಿ ಎತ್ತು ದೀರ್ಘಕಾಲ ಕೊಡಬಲ್ಲ ಸಾಮರ್ಥ್ಯ ಸುಮಾರು ಅರ್ಧದಿಂದ ಒಂದು ಅಶ್ವಶಕ್ತಿ. ಅಲ್ಲಿ ಕೂಡಿಟ್ಟ ಶಕ್ತಿಯೆಂದರೆ ಬಣವೆಯ ಮೇವು.

ಅನಂತರದ್ದು ಎಣ್ಣೆ ಎಂಜಿನ್ನಿನ ಕಾಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿದರು. 1941ರಲ್ಲಿ ರಾಣೆಬೆನ್ನೂರಿನ ಆಚೆ, ತುಂಗಭದ್ರೆಯ ಇನ್ನೊಂದು ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. 1946ರಲ್ಲಿ ಪುಣೆಯಲ್ಲಿ ಇದೇ ಮನೆತನದ ಎಣ್ಣೆ ಎಂಜಿನ್ನುಗಳ ಕಂಪನಿ ಹುಟ್ಟಿತು. ಡೀಸೆಲ್ಲಿನ ಬಲ ಅದರ ಸಾಂದ್ರತೆಯಲ್ಲಿದೆ. ಒಂದು ಲೀಟರಿನಲ್ಲಿ ಸುಮಾರು 10 ಕಿಲೊವಾಟ್-ಗಂಟೆ, ಎಂದರೆ 10 ಯೂನಿಟ್, ಉಷ್ಣಶಕ್ತಿ ಇದೆ. ಎಂಜಿನ್ನಿನ ದಕ್ಷತೆ ಕಾಲುಭಾಗವಷ್ಟೇ ಆದರೂ ಎರಡೂವರೆ ಯೂನಿಟ್ ಕೆಲಸ ಸಿಗುತ್ತದೆ. ಇಂದು ಮನೆಗಳಲ್ಲಿರುವ 12 ವೋಲ್ಟ್, 150 ಆಂಪೇರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯ ಲೆಕ್ಕ 1.8 ಯೂನಿಟ್; ಬಾಳಿಕೆಯ ದೃಷ್ಟಿಯಿಂದ ಅದರಲ್ಲಿ ಅರ್ಧವನ್ನಷ್ಟೇ ಬಳಸುವುದು ಒಳ್ಳೆಯದು. ಸೊಂಟ ಹಿಡಿಯುವಷ್ಟು ಭಾರದ ಆ ಪೆಟ್ಟಿಗೆ ಒಂದು ಲೀಟರ್ ಡೀಸೆಲ್ಲಿಗೂ ಸಮನಲ್ಲ.

ಬ್ಯಾಟರಿ ಎಂಜಿನ್ನಿಗಿಂತ ಕಿರಿಯದೇನೂ ಅಲ್ಲ. ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಸೀಸ-ಆಮ್ಲ ಸಂಚಾಯಕವನ್ನು ರೂಪಿಸಿದ. 1881ರಲ್ಲಿ ಫೋರ್ ಅದನ್ನು ಸುಧಾರಿಸಿದ. ಆ ಕಾಲದ ನೇರ ವಿದ್ಯುತ್ ಕೇಂದ್ರಗಳಲ್ಲಿ ಡೈನಮೊ ಪಕ್ಕದಲ್ಲೇ ಸಂಚಾಯಕಗಳ ಸಾಲುಗಳಿರುತ್ತಿದ್ದವು. ಆದರೆ ಗೆದ್ದದ್ದು ಪರ್ಯಾಯ ವಿದ್ಯುತ್ತು. ಟೆಸ್ಲಾ ಮತ್ತು ಫೆರಾರಿಸ್ 1888ರಲ್ಲಿ ಪ್ರೇರಣ ಮೋಟಾರನ್ನು ಜಗತ್ತಿಗೆ ತಿಳಿಸಿದರು. ಮರುವರ್ಷ ಡೊಲಿವೊ-ಡೊಬ್ರೊವೊಲ್ಸ್ಕಿ ಮೂರು ಫೇಸಿನ ಗಟ್ಟಿಮುಟ್ಟಾದ ಮೋಟಾರನ್ನು ತಯಾರಿಸಿದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ದೂರ ಹರಿದದ್ದೂ ಪರ್ಯಾಯ ವಿದ್ಯುತ್ತೇ. ದೂರಕ್ಕೆ ಸಾಗಿಸುವ ಅನುಕೂಲ ದೊರೆಯಿತು, ಕೂಡಿಡುವ ಅನುಕೂಲ ಕೈತಪ್ಪಿತು. ಬಲ್ಬು ಎರಡೂ ಬಗೆಯ ವಿದ್ಯುತ್ತಿಗೆ ಹೊಂದಿಕೊಳ್ಳುತ್ತದೆ. ನಮ್ಮ ಪಂಪಿನ ಮೋಟಾರು ಹಾಗಲ್ಲ.

1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪನೆಯಾದ ಮೇಲಿನ ದಶಕಗಳಲ್ಲಿ ಎಂಜಿನ್ನುಗಳ ಜಾಗಕ್ಕೆ ವಿದ್ಯುತ್ ಪಂಪುಗಳು ಬಂದವು. ಪಂಪುಗಳು ಹೆಚ್ಚಿದಂತೆ ಮೂರು ಫೇಸು ದಿನದ ಕೆಲವೇ ಗಂಟೆಗಳಿಗೆ ಇಳಿಯಿತು. ಉಳಿದ ಹೊತ್ತಿನಲ್ಲಿ ರೈತರು ಕಂಡೆನ್ಸರ್ ಜೋಡಿಸಿ, ಇಲ್ಲದ ಫೇಸನ್ನು ಹುಟ್ಟಿಸಿಕೊಂಡು ಮೋಟಾರು ತಿರುಗಿಸಿದರು. ಇದನ್ನು ಕಳ್ಳದಾರಿ ಎಂದವರುಂಟು. ಭೌತವಿಜ್ಞಾನದ ಮೇಷ್ಟರಿಗೆ ಅದು ಪ್ರಾವಸ್ಥಾ ವ್ಯತ್ಯಾಸದ ಸೊಗಸಾದ ಪಾಠ. ಆಮೇಲೆ ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ತಂತಿಯನ್ನೂ ಪಂಪ್‌ಸೆಟ್ಟಿನ ತಂತಿಯನ್ನೂ ಬೇರ್ಪಡಿಸಲಾಯಿತು. 2008ರಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಯಿತು. ರೈತನಿಗೆ ಕೊರತೆಯಾದದ್ದು ಹಣದ್ದಲ್ಲ, ಹೊತ್ತಿನದು. ಪಟ್ಟಣಗಳಲ್ಲಿ ಇದೇ ಕೊರತೆ ಮನೆಮನೆಗೆ ಇನ್ವರ್ಟರನ್ನು ತಂದಿತು.

ಈಗ ಲೆಕ್ಕ ಮಾಡೋಣ. 1000 ಲೀಟರ್ ನೀರನ್ನು 10 ಮೀಟರ್ ಎತ್ತಲು ಬೇಕಾದ ಶಕ್ತಿ 1000 × 9.8 × 10, ಅಂದರೆ 98 ಕಿಲೊಜೂಲ್, ಇದು 0.027 ಯೂನಿಟ್. ಸಣ್ಣ ಪಂಪಿನ ಒಟ್ಟು ದಕ್ಷತೆ ಶೇಕಡ 30 ಎಂದಿಟ್ಟುಕೊಂಡರೂ 0.09 ಯೂನಿಟ್ ಸಾಕು. 600 ವಾಟ್ ಎಳೆಯುವ ಪಂಪಿಗೆ ಇದು ಸುಮಾರು 10 ನಿಮಿಷದ ಕೆಲಸ. ಬ್ಯಾಟರಿಯ ಇಪ್ಪತ್ತರಲ್ಲಿ ಸುಮಾರು ಒಂದು ಭಾಗವಷ್ಟೇ ಖರ್ಚಾಗುತ್ತದೆ! ಎಂದ ಮೇಲೆ ಕೊರತೆ ಶಕ್ತಿಯದಲ್ಲ.

ತೊಡಕು ಇರುವುದು ಮೊದಲ ಕ್ಷಣದಲ್ಲಿ. ನಿಂತಿರುವ ಪ್ರೇರಣ ಮೋಟಾರು, ದ್ವಿತೀಯಕ ಸುರುಳಿಯ ತುದಿಗಳನ್ನು ನೇರ ಜೋಡಿಸಿಬಿಟ್ಟ ಟ್ರಾನ್ಸ್‌ಫಾರ್ಮರಿನಂತೆ ವರ್ತಿಸುತ್ತದೆ. ತಿರುಗುವಾಗ ಮೂರೂವರೆ ಆಂಪೇರ್ ಸಾಕೆನ್ನುವ ಪಂಪು ಹೊರಡುವಾಗ ಐದಾರು ಪಟ್ಟು, ಸುಮಾರು 20 ಆಂಪೇರ್, ಬೇಡುತ್ತದೆ. 230 ವೋಲ್ಟಿನಲ್ಲಿ ಇದು 4000 ವೋಲ್ಟ್-ಆಂಪೇರ್‌ಗೂ ಮಿಗಿಲು. 850 ವೋಲ್ಟ್-ಆಂಪೇರಿನ ಇನ್ವರ್ಟರು ತನ್ನನ್ನು ಕಾಪಾಡಿಕೊಳ್ಳಲು ನಿಂತುಬಿಡುತ್ತದೆ. ಹಳೆಯ ಇನ್ವರ್ಟರುಗಳ ಚೌಕ ಅಲೆಯಲ್ಲಿದ್ದ ಹೆಚ್ಚುವರಿ ಆವೃತ್ತಿಗಳು ಮೋಟಾರನ್ನು ತಿರುಗಿಸದೆ ಬರಿದೇ ಬಿಸಿ ಮಾಡುತ್ತಿದ್ದವು. ಇದರ ಮೇಲೆ, 1897ರಲ್ಲಿ ಪ್ಯೂಕರ್ಟ್ ಕಂಡುಕೊಂಡ ನಿಯಮವೊಂದಿದೆ: ಸೀಸದ ಬ್ಯಾಟರಿಯಿಂದ ವೇಗವಾಗಿ ಎಳೆದಷ್ಟೂ ಅದು ಕೊಡುವ ಒಟ್ಟು ವಿದ್ಯುದಂಶ ಕಡಿಮೆಯಾಗುತ್ತದೆ. 20 ಗಂಟೆಗಳ ನಿಧಾನ ಬಳಕೆಯಲ್ಲಿ 150 ಆಂಪೇರ್-ಗಂಟೆ ಕೊಡುವ ಬ್ಯಾಟರಿ, ಪಂಪಿಗಾಗಿ 60 ಆಂಪೇರ್ ಎಳೆದರೆ ಸುಮಾರು 100 ಮಾತ್ರ ಕೊಡುತ್ತದೆ.

ಕೊಳವೆಬಾವಿಯ ಕಥೆ ಬೇರೆ. ಬ್ಯಾಡಗಿಯ ಮೆಣಸಿನಕಾಯಿ ಹೊಲದಲ್ಲಿ ನೀರು 200 ಮೀಟರ್ ಕೆಳಗಿದೆಯೆಂದು ಇಟ್ಟುಕೊಳ್ಳಿ. 1000 ಲೀಟರಿಗೆ 0.54 ಯೂನಿಟ್, ದಕ್ಷತೆ ಶೇಕಡ 40 ಆದರೆ 1.36 ಯೂನಿಟ್. ಒಂದೇ ಟಾಕಿಗೆ ಒಂದೂವರೆ ಬ್ಯಾಟರಿ! ಇಲ್ಲಿ ಕೊರತೆ ನಿಜಕ್ಕೂ ಶಕ್ತಿಯದೇ.

ಸಂಪಿನ ತೊಡಕು ಬಿಡಿಸಿದ್ದು ಎರಡು ಬೆಳವಣಿಗೆಗಳು. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ 1997ರಲ್ಲಿ ಪ್ರಕಟಿಸಿದ ಲಿಥಿಯಮ್ ಕಬ್ಬಿಣದ ಫಾಸ್ಫೇಟ್ ಈಗ ಮನೆಯ ಬ್ಯಾಟರಿಗಳಲ್ಲಿದೆ. ವೇಗವಾಗಿ ಎಳೆದರೂ ಅದರ ಧಾರಕತೆ ಹೆಚ್ಚು ಕುಗ್ಗದು. ಇನ್ನೊಂದು, ಆವೃತ್ತಿಯನ್ನು ಸೊನ್ನೆಯ ಹತ್ತಿರದಿಂದ ನಿಧಾನವಾಗಿ 50 ಹರ್ಟ್ಸ್‌ಗೆ ಏರಿಸುವ ಇಲೆಕ್ಟ್ರಾನಿಕ್ ಚಾಲಕ. ಮೂರು ಫೇಸಿನ ಮೋಟಾರು ಅದರಿಂದ ಆರಂಭದ ಹೊಡೆತವಿಲ್ಲದೆ ಹೊರಡುತ್ತದೆ. ಒಂದೇ ಫೇಸಿನ ಕಂಡೆನ್ಸರ್ ಮೋಟಾರಿಗೆ ಮಾತ್ರ ಈ ಉಪಾಯ ಸರಿಯಾಗಿ ಒಗ್ಗುವುದಿಲ್ಲ. ಅಲ್ಲಿ ಆರಂಭದ ಹೊರೆ ತಾಳುವ ದೊಡ್ಡ ಇನ್ವರ್ಟರೇ ಬೇಕು.

2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಸೌರ ಪಂಪುಗಳು ಇದೇ ಬಗೆಯ ಚಾಲಕದಿಂದ ಓಡುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಬಿಸಿಲಿದ್ದಾಗ ನೀರು ಏರುತ್ತದೆ, ತೊಟ್ಟಿಯಲ್ಲೋ ಹೊಂಡದಲ್ಲೋ ನಿಲ್ಲುತ್ತದೆ. ಶಕ್ತಿಯ ಉಗ್ರಾಣವಾಗಿ ಮಾಳಿಗೆಯ ಟಾಕಿ ತೀರ ಬಡವ, 0.027 ಯೂನಿಟ್ಟಿನಿಂದ ಒಂದು ಬಲ್ಬೂ ಬಹಳ ಹೊತ್ತು ಉರಿಯದು. ಆದರೆ ನಮಗೆ ಬೇಕಾದದ್ದು ನೀರು. ಟಾಕಿಗೆ ಏರಿದ ನೀರು ಪಂಪು, ಮೋಟಾರು, ಇನ್ವರ್ಟರುಗಳ ಸುಂಕವನ್ನೆಲ್ಲ ಆಗಲೇ ತೆತ್ತು ಬಂದಿರುತ್ತದೆ. ಹಾಗಾಗಿ ಪಂಪಿಗೆಂದು ಎರಡನೆಯ ಬ್ಯಾಟರಿ ಕೊಳ್ಳಹೊರಟವರು ಮೊದಲು ಎರಡನೆಯ ಟಾಕಿಯ ಬೆಲೆ ವಿಚಾರಿಸಬೇಕು.