ಮರಳು ನೊಣ ಸಮೀಕ್ಷೆ (ದಾವಣಗೆರೆ ಜಿಲ್ಲೆಯ ಗ್ರಾಮೀಣ ತಾಲ್ಲೂಕುಗಳು)

ಲೀಶ್ಮೇನಿಯಾಸಿಸ್ ಹರಡಬಲ್ಲ ಮರಳು ನೊಣಗಳು ಒಂದು ಪ್ರದೇಶದಲ್ಲಿವೆಯೇ, ಯಾವ ಪ್ರಭೇದದವು, ಎಲ್ಲಿ ಅಡಗುತ್ತವೆ, ಯಾವ ಋತುವಿನಲ್ಲಿ ಹೆಚ್ಚುತ್ತವೆ ಎಂದು ತಿಳಿಯಲು ನಡೆಸುವ ಕ್ಷೇತ್ರಕಾರ್ಯ.

ರೋಗ: ಲೀಶ್ಮೇನಿಯಾ ಎಂಬ ಏಕಕೋಶ ಪರೋಪಜೀವಿ ಇದಕ್ಕೆ ಕಾರಣ. ಗುಲ್ಮ, ಯಕೃತ್ತುಗಳಿಗೆ ತಗುಲಿದರೆ ಕಾಲಾ ಅಜಾರ್. ಚರ್ಮಕ್ಕೆ ತಗುಲಿದರೆ ಬೇಗ ಮಾಯದ ಹುಣ್ಣು. ವಿಲಿಯಂ ಲೀಶ್ಮನ್ ಮತ್ತು ಮದರಾಸಿನಲ್ಲಿದ್ದ ಚಾರ್ಲ್ಸ್ ಡೊನೊವನ್ 1903ರಲ್ಲಿ ಈ ಪರೋಪಜೀವಿಯನ್ನು ವರದಿ ಮಾಡಿದರು. ಫ್ಲೆಬೊಟೊಮಸ್ ಅರ್ಜೆಂಟಿಪಿಸ್ ಎಂಬ ಮರಳು ನೊಣ ಕಚ್ಚಿ ರೋಗ ಹರಡುತ್ತದೆಂಬುದು 1942ರಲ್ಲಿ ಸಾಬೀತಾಯಿತು. ಕಾಲಾ ಅಜಾರ್ ಬೇರೂರಿರುವುದು ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಉತ್ತರ ಪ್ರದೇಶಗಳಲ್ಲಿ. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಆದರೆ ಕೇರಳದ ಪಶ್ಚಿಮ ಘಟ್ಟದಲ್ಲಿ ಸ್ಥಳೀಯವಾಗಿಯೇ ತಗುಲಿದ ಚರ್ಮರೂಪದ ರೋಗ ಕಂಡುಬಂದಿದೆ.

ಪ್ರದೇಶ: ಚನ್ನಗಿರಿ ತಾಲ್ಲೂಕು ಅಡಿಕೆ ತೋಟಗಳ ಸೀಮೆ. ಹೊನ್ನಾಳಿ ತುಂಗಭದ್ರೆಯ ದಡದ ಭತ್ತದ ನಾಡು. ಹೊನ್ನಾಳಿಯಿಂದಲೇ ನ್ಯಾಮತಿ ತಾಲ್ಲೂಕು ಬೇರ್ಪಟ್ಟಿತು. ಜಗಳೂರು ಮಳೆಯಾಶ್ರಿತ ಬಯಲು. ತೇವದ ನೆಲ ಮತ್ತು ಒಣ ನೆಲ ಒಂದೇ ಜಿಲ್ಲೆಯಲ್ಲಿರುವುದರಿಂದ ಎರಡೂ ಕಡೆಯ ಪ್ರಭೇದಗಳನ್ನು ಹೋಲಿಸಿ ನೋಡಲು ಸಾಧ್ಯ.

ಕೀಟ: ಉದ್ದ ಸುಮಾರು 2–3 ಮಿ.ಮೀ.; ಮೈತುಂಬ ರೋಮ. ಕೂತಾಗ ರೆಕ್ಕೆಗಳು ಮೇಲಕ್ಕೆ ಓರೆಯಾಗಿ ಚಾಚಿರುತ್ತವೆ, ಹಾರಾಟ ಕುಪ್ಪಳಿಸಿದಂತೆ. ರಕ್ತ ಹೀರುವುದು ಹೆಣ್ಣು ಮಾತ್ರ. ಸೊಳ್ಳೆಯಂತೆ ನಿಂತ ನೀರಿನಲ್ಲಲ್ಲ, ಸಗಣಿ, ಕಸ ಬೆರೆತ ತೇವದ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ.

ಸಂಗ್ರಹ: ಬೆಳಿಗ್ಗೆ ದನದ ಕೊಟ್ಟಿಗೆಯಲ್ಲಿ, ಮಣ್ಣಿನ ಗೋಡೆಯ ಬಿರುಕುಗಳಲ್ಲಿ ಟಾರ್ಚ್ ಬೆಳಕು ಬಿಟ್ಟು, ಹೀರುಕೊಳವೆಯಿಂದ ನೊಣಗಳನ್ನು ಹಿಡಿಯುತ್ತಾರೆ. ಹರಳೆಣ್ಣೆ ಸವರಿದ ಕಾಗದಗಳನ್ನು ಬಿಲ, ಬಿರುಕುಗಳ ಬಳಿ ಇಡುತ್ತಾರೆ. ಸಂಜೆಯಿಂದ ಬೆಳಗಿನವರೆಗೆ ಬೆಳಕಿನ ಬಲೆ ತೂಗುಹಾಕುತ್ತಾರೆ. ಒಬ್ಬರು ಒಂದು ಗಂಟೆಯಲ್ಲಿ ಹಿಡಿದ ನೊಣಗಳ ಲೆಕ್ಕವೇ ಸಾಂದ್ರತೆಯ ಅಳತೆ. ಊರೂರಿಗೆ, ತಿಂಗಳು ತಿಂಗಳಿಗೆ ಹೋಲಿಸಲು ಇದೇ ಆಧಾರ.

ಗುರುತಿಸುವಿಕೆ: ಸಮೀಕ್ಷೆಯ ತಿರುಳು ಇದೇ. ಬರಿಗಣ್ಣಿಗೆ ಪ್ರಭೇದ ತಿಳಿಯದು. ಹೆಣ್ಣಿನ ಬಾಯಂಗಳದ ಹಲ್ಲುಗಳು ಮತ್ತು ವೀರ್ಯಕೋಶ, ಗಂಡಿನ ಜನನಾಂಗ ಇವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅರ್ಜೆಂಟಿಪಿಸ್ ಕಾಲಾ ಅಜಾರ್‌ನ ವಾಹಕ. ಫ್ಲೆಬೊಟೊಮಸ್ ಪಪಟಾಸಿ ಚರ್ಮರೂಪದ ರೋಗದ್ದು. ಸರ್ಜೆಂಟೊಮಿಯಾ ಕುಲದ ಹಲವು ಪ್ರಭೇದಗಳು ಹೆಚ್ಚಾಗಿ ಹಲ್ಲಿ, ಓತಿಗಳ ರಕ್ತ ಹೀರುತ್ತವೆ. ಇವೆಲ್ಲವನ್ನೂ ಒಟ್ಟಿಗೆ ಎಣಿಸಿದರೆ ಅಪಾಯದ ಅಂದಾಜು ತಪ್ಪುತ್ತದೆ.

ಮಹತ್ವ: ವಾಹಕ ಸಿಕ್ಕಿತೆಂದ ಮಾತ್ರಕ್ಕೆ ರೋಗವಿದೆ ಎಂದಲ್ಲ, ನೊಣದ ಕರುಳಿನಲ್ಲಿ ಪರೋಪಜೀವಿ ಇದೆಯೇ ಎಂದು ಪರೀಕ್ಷಿಸಬೇಕು. ಆದರೆ ಸೋಂಕಿತರೊಬ್ಬರು ಹೊರಗಿನಿಂದ ಬಂದರೆ ಯಾವ ಹಳ್ಳಿಗೆ ಅಪಾಯ ಎಂಬುದನ್ನು ಈ ಮಾಹಿತಿ ಮೊದಲೇ ಹೇಳುತ್ತದೆ. ಗೋಡೆಯ ಬಿರುಕು ಮೆತ್ತುವುದು, ಕೊಟ್ಟಿಗೆ ಒಣಗಿಸಿಡುವುದು, ಬೇಕಾದೆಡೆ ಗೋಡೆಗೆ ಕೀಟನಾಶಕ ಸಿಂಪಡಿಸುವುದು ಮುಖ್ಯ ನಿಯಂತ್ರಣ ಕ್ರಮಗಳು.